ಜೇಬಿಗೆ ಹಾಕಬೇಡ

ಪಡುವಣ ಗಾಳಿ ಮೂರು ದಿನ ಅರಚಿ
ನಾಲ್ಕನೆಯ ಬೆಳಿಗ್ಗೆ ಗಂಟಲು ಕಟ್ಟಿ ಕೂತಾಗ ಹೊರಡು.
ಬೇಸಿಗೆಯಲ್ಲಿ ಸಿಗದು, ಆಗ ಬರುವವರು ಪ್ರವಾಸಿಗಳು.
ನವೆಂಬರ್ ಒಳ್ಳೆಯದು. ಮಾರ್ಚೂ ಆದೀತು,
ಬೆರಳು ಮರಗಟ್ಟಿದರೆ ಅಳದವರಿಗೆ.

ಹೊಳೆಯುವ ಮರಳಲ್ಲಿ ಹುಡುಕಬೇಡ,
ಅಲ್ಲಿ ಬಿದ್ದಿರುವುದು ಬರೀ ಬಿಸಿಲು.
ಕಪ್ಪು ಪಾಚಿಯ ರಾಶಿ ಕೆದಕು: ಕೊಳೆತ ಜೊಂಡು,
ದೋಣಿಯ ಚಕ್ಕೆ, ಬಾಟಲಿಯ ಬಿರಡೆ, ಹಕ್ಕಿಯ ಎಲುಬು.
ಹಗುರವಾದದ್ದನ್ನೆಲ್ಲ ಕಡಲು ಒಂದೇ ಮೂಲೆಗೆ ಗುಡಿಸುತ್ತದೆ.
ಅಂಬರೂ ಹಗುರ. ಕಲ್ಲೆನ್ನುತ್ತಾರೆ, ಕಲ್ಲಲ್ಲ.
ಮರದ ಕಣ್ಣೀರೂ ಅಲ್ಲ, ಅದು ಅಂಗಡಿಯವರ ಮಾತು;
ಗಾಯಕ್ಕೆ ಮರ ತಾನೇ ಮೆತ್ತಿಕೊಂಡ ಅಂಟು

ಎನ್ನುತ್ತಿದ್ದಳು ಸ್ಕೈದ್ರೀತೆ, ಲಿಯೆಪಾಯದ ದಡದಲ್ಲಿ,
ಮೊಣಕಾಲುದ್ದ ರಬ್ಬರ್ ಬೂಟು ತೊಟ್ಟು ನೀರಿಗಿಳಿದು
ಉದ್ದ ಕೋಲಿನ ಬಲೆ ಬೀಸುತ್ತ.
ಮೊಮ್ಮಗಳು ಎಲ್ವೀತ ಅಷ್ಟರಲ್ಲಿ
ಜೇನುಬಣ್ಣದ ತುಣುಕೊಂದನ್ನು ಹೆಕ್ಕಿ
ಕೋಟಿನ ಜೇಬಿನತ್ತ ಕೈ ಒಯ್ದಿದ್ದಳು.

ಬೇಡ!

ಕಡಲಕಾಗೆಗಳು ಒಟ್ಟಿಗೆ ಎದ್ದು ಹಾರಿದವು.

ಪಡೆಗಳು ಬಂದವು, ಪಡೆಗಳು ಹೋದವು, ಎಂದಳು ಅಜ್ಜಿ,
ಹೊತ್ತೊಯ್ಯಲಾರದ್ದನ್ನು ಈ ನೀರಿಗೆ ಸುರಿದವು.
ಅದರಲ್ಲಿ ರಂಜಕವೂ ಇತ್ತು.
ಅದೇ ಬಣ್ಣ, ಅದೇ ನುಣುಪು. ಒದ್ದೆಯಿರುವ ತನಕ ಸಾಧು.
ಒಣಗಿ ಮೈಬಿಸಿ ತಾಗಿತೋ, ಹೊತ್ತಿಕೊಳ್ಳುತ್ತದೆ.
ನನ್ನ ತಮ್ಮ ಗುಂಟಿಸ್‌ಗೆ ಆಗ ಹದಿನಾಲ್ಕು.
ಅಮ್ಮನಿಗೊಂದು ಮಣಿ ಮಾಡಿಸಲೆಂದು ಎದೆಯ ಜೇಬಿಗೆ...

ಅಲ್ಲಿಗೆ ನಿಲ್ಲಿಸಿ ಬಲೆಯ ಗಂಟು ಬಿಡಿಸತೊಡಗಿದಳು.
ಬಲೆಯಲ್ಲಿ ಗಂಟಿರಲಿಲ್ಲ.

ಚಹಾದ ತಗಡಿನ ಡಬ್ಬಿಯಲ್ಲಿ ಮನೆಗೆ ಬಂತು ತುಣುಕು.
ಒಳಗೆ ಬಿಡಲಿಲ್ಲ ಅದನ್ನು. ಅಂಗಳದ ಕಲ್ಲಿನ ಮೇಲಿಟ್ಟು
ಒಲೆಯ ಬಿಸಿಬೂದಿ ಸುತ್ತ ಸುರಿದು
ಮುಚ್ಚಳ ತೆಗೆದು ದೂರ ಸರಿದರು.
ಕಿಟಕಿಯ ಗಾಜಿಗೆ ಮೂಗೊತ್ತಿ ಕಾದಳು ಎಲ್ವೀತ,
ಹೊಗೆ ಬರಲಿ ಎಂದೋ ಬಾರದಿರಲಿ ಎಂದೋ
ಅವಳಿಗೇ ತಿಳಿಯದೆ.

ಬರಲಿಲ್ಲ.

ಬೆಳಿಗ್ಗೆ ಅಜ್ಜಿ ಅದನ್ನು ತನ್ನ ಹಲ್ಲಿಗೆ ತಟ್ಟಿದಳು:
ಗಾಜಿನ ಕಿಣಿಯಿಲ್ಲ, ಬೆಣಚುಕಲ್ಲಿನ ಕಟಕಟವಿಲ್ಲ,
ಅಂಗಿಯ ಗುಂಡಿಯಂಥ ಮೆತ್ತನೆ ಸದ್ದು.
ಉಣ್ಣೆಯ ಕೈಗವಸಿಗೆ ತಿಕ್ಕಿ ನೆಲದ ಬಳಿ ಹಿಡಿದಳು,
ಪೊರಕೆಯಿಂದ ಉದುರಿದ್ದ ಹುಲ್ಲೆಳೆಯೊಂದು
ತಡವರಿಸಿ ಎದ್ದು ಅಂಟಿಕೊಂಡಿತು.

ಒಳಗೆ ನೊಣವಿಲ್ಲ, ಇರುವೆಯಿಲ್ಲ,
ಮಾರಿದರೆ ಒಂದು ರೊಟ್ಟಿಯ ಬೆಲೆಯೂ ಇಲ್ಲ.

ಈಗ ಜೇಬಿಗೆ ಹಾಕಬಹುದಾ, ಎಂದಳು ಹುಡುಗಿ.

ಸ್ಕೈದ್ರೀತೆ ಆ ಪುಟ್ಟ ಕೋಟನ್ನೇ ನೋಡಿದಳು,
ಅದರ ಎಡಗಡೆಯ ಜೇಬನ್ನು.
ಮುಷ್ಟಿಯಲ್ಲಿ ಹಿಡಿದುಕೋ, ಎಂದಳು.