ಎರಡಕ್ಕೆ ಒಂದು

ಸೀಳು ದೊಡ್ಡದೇನಲ್ಲ. ಹೆಬ್ಬೆರಳ ಉಗುರಿನಷ್ಟು,
ಎಡ ಅಂಚಿನಲ್ಲಿ, ಹಿಡಿಕೆಯಿಂದ ಎರಡು ಗೇಣು ಹಿಂದೆ.
ಕಣ್ಣಿಗೆ ಬೀಳಲಿಲ್ಲ; ಬೆರಳಿಗೆ ಸಿಕ್ಕಿತು.

ಅಡುಗೆಮನೆಯಲ್ಲಿ ಎರಡು ಕುರ್ಚಿ ಎದುರುಬದುರು,
ಮೇಲೆ ಹಳೆಯ ಟವೆಲು, ಅದರ ಮೇಲೆ ಪ್ಯಾಡಲ್‌ಬೋರ್ಡು,
ಹತ್ತೂವರೆ ಅಡಿ. ಬಾಲ ಫ್ರಿಜ್ಜಿನ ಬಾಗಿಲಿಗೆ,
ಮೂಗು ನಡುಮನೆಯೊಳಕ್ಕೆ.
ಹಾಲು ಬೇಕಾದವರು ಬಗ್ಗಿ ಬರಬೇಕು.
ಜೂನ್ ತಿಂಗಳು. ರಾತ್ರಿ ಹನ್ನೊಂದಾದರೂ
ಶೆಟ್‌ಲ್ಯಾಂಡಿನ ಆಕಾಶಕ್ಕೆ ಕತ್ತಲಾಗುವ ಮನಸ್ಸಿಲ್ಲ.
ದೀಪ ಹಚ್ಚದೆಯೇ ಕೆಲಸ ಸಾಗುತ್ತದೆ.

ಐದು ವರ್ಷ. ಈ ಕೊಲ್ಲಿಯ ಬಂಡೆಗಳು, ಮಸಲ್ ಸಾಕುವವರ ಹಗ್ಗಗಳು,
ಪಕ್ಕದಲ್ಲೇ ಎದ್ದು ಮುಖ ನೋಡಿ ಮುಳುಗುವ ಸೀಲ್‌ಗಳ ಬೋಳು ತಲೆ.
ನೀರು ಇದನ್ನು ಒಮ್ಮೆಯೂ ಗಾಯ ಮಾಡಲಿಲ್ಲ.
ಪೆಟ್ಟೆಲ್ಲ ನೆಲದ್ದು:
ಕಾರಿನ ಚಾವಣಿ, ಗೇಟಿನ ಚಿಲಕ,
ಒಂದೇ ಒಂದು ಕ್ಷಣ ಅಂತ ಗೋಡೆಗೆ ಒರಗಿಸಿಟ್ಟದ್ದು.

ಇದು ತಮ್ಮ ರಾಸ್ಮಿ ಎರವಲು ಒಯ್ದ ಶನಿವಾರದ್ದು.
ತಂದಿಟ್ಟ. ಚಹಾ ಕುಡಿದ. ಕುರಿಗಳ ಮಾತಾಡಿದ.
ಇದರ ಬಗ್ಗೆ ಬಾಯಿ ಬಿಡಲಿಲ್ಲ.
ಎಡಗಡೆಯನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿದ್ದ.
ಅಷ್ಟು ಸಾಕಿತ್ತು ನನಗೆ.

ಗೆಣ್ಣಿನಿಂದ ತಟ್ಟಿದೆ,
ಬೆಂದಿದೆಯೇ ಎಂದು ಬ್ರೆಡ್ಡಿನ ತಳ ತಟ್ಟುವ ಹಾಗೆ.
ಟಕ್, ಟಕ್, ಟಕ್, ದಬ್.
ಅಲ್ಲಿ. ಒತ್ತಿದರೆ ಒಂದು ಹನಿ ಹೊರಗೆ ಬಂತು.
ನಾಲಿಗೆಗೆ ಇಟ್ಟು ನೋಡಿದೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ;
ಇದು ಎರಡನ್ನೂ ಒಂದೇ ಗುಟುಕಿಗೆ ಕುಡಿದು ಕೂತಿದೆ.

ಒಣಗಬೇಕು ಮೊದಲು. ತೇವವಿದ್ದಂತೆಯೇ ಮುಚ್ಚಿದರೆ
ಮೊದಲ ಬಿಸಿಲಿಗೆ ಒಳಗಿನದು ಉಬ್ಬಿ
ತೇಪೆಯನ್ನೇ ಗುಳ್ಳೆಯೆಬ್ಬಿಸುತ್ತದೆ.
ಸಿಹಿನೀರಿನಲ್ಲಿ ತೊಳೆದು, ಸೀಳನ್ನು ಕೆಳಗೆ ಮಾಡಿ ಬಿಟ್ಟೆ.
ನಾಲ್ಕು ದಿನ ಹಾಲಿಗೆ ಬಗ್ಗಿದೆವು, ನಾನೂ ಮಗಳು ಓಸ್ಲಾಳೂ.
ನಾಲ್ಕು ದಿನ ರಾಸ್ಮಿಗೆ ಫೋನು ಮಾಡಲಿಲ್ಲ.

ಐದನೆಯ ದಿನ ಅವನೇ ಬಂದ. ಬಾಗಿಲಲ್ಲಿ ನಿಂತು
ಕುರ್ಚಿಗಳ ಮೇಲೆ ಉದ್ದಕ್ಕೆ ಮಲಗಿದ್ದನ್ನು ನೋಡಿ
ಟೋಪಿ ತೆಗೆದ, ಸಾವಿನ ಮನೆಗೆ ಬಂದವನ ಹಾಗೆ.
'ಅವತ್ತು ಗಾಳಿ ಜಾಸ್ತಿಯಿತ್ತು' ಅಂದ.
ಈ ದ್ವೀಪದಲ್ಲಿ ಅದು ಕಡಿಮೆಯಿದ್ದದ್ದು ಯಾವತ್ತು,
ಕೇಳಲಿಲ್ಲ ನಾನು. ಮರಳುಕಾಗದ ಕೈಗಿಟ್ಟೆ.

ಉಜ್ಜಿದ. ಉಗುರಿನಷ್ಟಿದ್ದದ್ದು ಅಂಗೈಯಷ್ಟಾಯಿತು.
ಗಾಬರಿಯಿಂದ ಮುಖ ನೋಡಿದ.
ಹಾಗೇ ಅದು ಎಂದೆ. ಸಣ್ಣದನ್ನು ಮುಚ್ಚುವ ಮೊದಲು
ದೊಡ್ಡದು ಮಾಡಲೇಬೇಕು.
ಅವನು ತಂದಿದ್ದ ದೋಣಿ ಷೆಡ್ಡಿನ ಡಬ್ಬಿ ಬೇಡವೆಂದೆ:
ಆ ಅಂಟು ಇದರ ಒಳಗಿನ ಬಿಳಿ ನೊರೆಯನ್ನು ತಿನ್ನುತ್ತದೆ,
ಬಿಸಿ ಚಹಾ ಸಕ್ಕರೆಯನ್ನು ತಿನ್ನುವ ಹಾಗೆ.
ನನ್ನದು ಬೇರೆ. ಎರಡು ಬಾಟಲಿ, ಎರಡಕ್ಕೆ ಒಂದು,
ಓಸ್ಲಾಳ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು.
ಗಟ್ಟಿಯಾಗಲಿ ಅಂತ ಒಂದು ತೊಟ್ಟು ಹೆಚ್ಚು ಹಾಕಿದೆಯೋ,
ಎಂದೆಂದಿಗೂ ಅಂಟಂಟೇ.

ಮೊಸರಿನ ಕಪ್ಪಿನಲ್ಲಿ ಕಲಕುತ್ತಾ ಹೋದಂತೆ
ಒಲೆಯಿಲ್ಲದೆ ಬಿಸಿಯೇರಿತು ಕಪ್ಪು, ಅವನ ಕೈಯಲ್ಲೇ.
ಬೆಚ್ಚಿದ. ನಕ್ಕೆ. ಐದು ದಿನದಲ್ಲಿ ಮೊದಲ ಸಲ.

ಗಾಜಿನ ನೂಲಿನ ಬಟ್ಟೆ, ನಾಣ್ಯದಂತೆ ದುಂಡಗೆ ಕತ್ತರಿಸಿದ್ದು.
ಒಣಗಿದ್ದಾಗ ಹಿಮದಂತೆ ಬಿಳಿ. ಬ್ರಷ್ಷು ತಾಗಿದ ಕಡೆಯೆಲ್ಲ
ಬಣ್ಣ ಕಳೆದು, ನೇಯ್ಗೆ ಕಳೆದು,
ಇಲ್ಲವೇ ಇಲ್ಲ ಎಂಬಷ್ಟು ಇಲ್ಲವಾಯಿತು.
'ಹೋಯಿತಲ್ಲ ಎಲ್ಲಿ?' ಅಂದ, ಬಗ್ಗಿ, ಮೂಗು ತಾಗುವಷ್ಟು ಹತ್ತಿರ.
ಅಲ್ಲೇ ಇದೆ, ಮುಟ್ಟಬೇಡ.

ಮುಟ್ಟಿದ.

ನಿನ್ನೆ ನೀರಿಗಿಳಿಸಿದೆ. ತೇಪೆ ಉಳಿದದ್ದಕ್ಕಿಂತ ಒಂದು ಛಾಯೆ ಬೆಳ್ಳಗೆ;
ಎಷ್ಟು ಉಜ್ಜಿದರೂ ನಡುವೆ ತಮ್ಮನ ತೋರುಬೆರಳಿನ ಗುರುತು.
ಅಡುಗೆಮನೆಯ ಕಿಟಕಿಯಲ್ಲಿ ಮೊಸರಿನ ಕಪ್ಪು ಇನ್ನೂ ಇದೆ,
ಉಳಿದ ಅಂಟು ಕಲ್ಲಾಗಿ, ಅದರೊಳಗೆ
ಐಸ್‌ಕ್ರೀಮ್ ಕಡ್ಡಿ ನೆಟ್ಟಗೆ ನಿಂತು.
ಎಸೆಯಬೇಕು ಎನ್ನುತ್ತಾಳೆ ಓಸ್ಲಾ.
ಎಸೆಯೋಣ ಎನ್ನುತ್ತೇನೆ.