ಕೈ ಕೊಡದ್ದು

ವಾರ್‌ಮಿನ್‌ಸ್ಟರ್. ಫೆಬ್ರವರಿಯ ಮೂರನೆಯ ಮಂಗಳವಾರ.
ಸಾಲ್ಸ್‌ಬರಿ ಬಯಲಿನ ನೆಲ ಸುಣ್ಣದ್ದು;
ಮಳೆ ಬಿದ್ದರೆ ರುಬ್ಬಿದ ಹಿಟ್ಟು, ಒಣಗಿದರೆ ಗೋಡೆ.
ಅದರಲ್ಲಿ ಅದ್ದಿ ತೆಗೆಯುವುದು ನನ್ನ ಕೆಲಸ,
ನಾಲ್ಕು ಪಿಸ್ತೂಲುಗಳನ್ನು, ಒಂದೊಂದಾಗಿ,
ಬಿಸ್ಕತ್ತನ್ನು ಚಹಾದಲ್ಲಿ ಅದ್ದುವಷ್ಟೇ ಹೊತ್ತು.

ಹೆಸರಿಲ್ಲ ಅವಕ್ಕೆ. ಕಂಪನಿಯ ಮುದ್ರೆಯ ಮೇಲೆ
ಕರಿ ಟೇಪು ಸುತ್ತಿದ್ದೇವೆ,
ಯಾರೂ ಹಳೆಯ ಪ್ರೀತಿಗೆ ಅಂಕ ಹಾಕದಿರಲೆಂದು.
ಮರಳಿನ ಡಬ್ಬಿ, ಮಂಜಿನ ಪೆಟ್ಟಿಗೆ, ಉಪ್ಪುನೀರಿನ ತೊಟ್ಟಿ.
ಎರಡನೆಯದು ಎರಡು ಸಾವಿರ ಗುಂಡು ಉಗುಳಿ
ಒಮ್ಮೆಯೂ ಕೆಮ್ಮಲಿಲ್ಲ.
ಕರ್ನಲ್ ಟ್ರೆಲಾನಿ ಅದರ ಮುಂದೆ
ಹಸಿರು ಪೆನ್ನಿನಲ್ಲಿ ಗೆರೆ ಎಳೆದರು.

ಭಾರವಾಯಿತು ಎಂದವರು, ಹಗುರವಾಯಿತು ಎಂದವರು,
ಗುಂಡು ದಪ್ಪವಿದ್ದರೆ ಬಿದ್ದವನು ಏಳುವುದಿಲ್ಲ ಎಂದವರು,
ಗುರಿ ತಪ್ಪಿದ ದಪ್ಪ ಗುಂಡು ಬರೀ ದಪ್ಪ ಸದ್ದು ಎಂದವರು.
ಚಹಾ ಆರುವವರೆಗೂ ಇದೇ.
ನಾನು ಬಾಯಿ ತೆರೆಯಲಿಲ್ಲ.
ಆಯುಧ ರಿಪೇರಿಯವನ ಮಾತಿಗೆ
ಅವನ ಎಣ್ಣೆಬಟ್ಟೆಯಷ್ಟೇ ಬೆಲೆ.

ರೈಫಲ್ ಇರುವವನಿಗೆ ಪಿಸ್ತೂಲು ಯಾಕೆ?
ರೈಫಲ್ ಕೈ ಕೊಟ್ಟಾಗ.
ಅಷ್ಟೇ ಉತ್ತರ. ಮಿಕ್ಕದ್ದು ಕಾಗದ.

ನನಗೂ ಕೊಟ್ಟಿತ್ತು ಒಂದು ಸಲ, ದೂರದ ಊರೊಂದರ
ಎರಡು ಮಣ್ಣುಗೋಡೆಗಳ ನಡುವೆ.
ಸೊಂಟದಿಂದ ಪಿಸ್ತೂಲು ಎಳೆದೆ, ಬಂತು.
ಒದ್ದೆ ಗವಸಿನೊಳಗೆ ಹೆಬ್ಬೆರಳು
ಸೇಫ್ಟಿ ಕೀಲನ್ನು ಹುಡುಕಿತು, ಹುಡುಕಿತು.
ಎದುರಿಗೆ ಹದಿನೇಳರ ಹುಡುಗ;
ಅವನದ್ದೂ ಸಿಕ್ಕಿಕೊಂಡಿತ್ತು.
ನಾಚಿಕೊಂಡವರಂತೆ ಒಬ್ಬರನ್ನೊಬ್ಬರು ನೋಡಿದೆವು.
ಆಮೇಲೆ ಅವನು ಓಡಿದ.
ಆ ಒಂದು ಸೆಕೆಂಡನ್ನು
ಕರ್ನಲ್ಲರ ಪಟ್ಟಿಯ ಯಾವ ಮನೆಯಲ್ಲಿ ಬರೆಯಲಿ?

ಮಧ್ಯಾಹ್ನ ಬಂದಳು ವೈದ್ಯದಳದ ಕಾರ್ಪೊರಲ್
ಗ್ವೆನ್ಲಿಯನ್ ಪ್ಯೂ. ವೇಲ್ಸ್‌ನವಳು, ಗಿಡ್ಡಿ,
ಮಕ್ಕಳ ಅಂಗಡಿಯಲ್ಲಿ ಕೈಗವಸು ಕೊಳ್ಳುವವಳು.
ಗುರಿಹಲಗೆಯ ಕಡೆ ನೋಡಲೇ ಇಲ್ಲ.
ಮರಳುಚೀಲ ಒಂದನ್ನು ಎಳೆದು ತಂದು ಮಲಗಿಸಿ,
ಮಂಡಿಯೂರಿ, ಬಲಮುಷ್ಟಿಯನ್ನು
ಅದರ ತೊಡೆಸಂದಿಗೆ ಒತ್ತಿದಳು.
ಚೀಲಕ್ಕೆಲ್ಲಿಯ ತೊಡೆ?
ಅವಳು ಒತ್ತಿದ ಮೇಲೆ ನಮಗೂ ಕಂಡಿತು.

“ಈ ಕೈ ತೆಗೆದರೆ ಇವನು ಮೂರು ನಿಮಿಷ.
ಈಗ ಬಾಗಿಲಲ್ಲಿ ಯಾರೋ ಬಂದರು ಅನ್ನಿ.”

ಎಡಗೈ ಹೊಟ್ಟೆಯ ಮೇಲಿಂದ ಬಲಸೊಂಟಕ್ಕೆ ಹರಿಯಿತು.
ಮೊದಲನೆಯದರ ಕೀಲು ಬಲಗೈಯವರ ಬದಿಗೆ ಮಾತ್ರ.
ಹಸಿರು ಗೆರೆಯದ್ದು ಚೆನ್ನಾಗಿಯೇ ಹೊರಬಂತು;
ಕುದುರೆಗೆ ಬೆರಳು ಎಟುಕಲಿಲ್ಲ,
ಉಗುರಿನಷ್ಟು ದೂರ.
ಮೂರನೆಯದು ಒರೆಯಲ್ಲೇ ಉಳಿಯಿತು.
ನಾಲ್ಕನೆಯದು, ಮರಳಿನಲ್ಲಿ ಎರಡು ಸಲ ಕೆಮ್ಮಿದ್ದು,
ಇಟ್ಟಿಗೆಗೆ ಹಿಡಿಕೆ ಅಂಟಿಸಿದಂಥ ಕುರೂಪಿ,
ಬಂತು, ಹಾರಿತು, ಹಲಗೆಯ ಅಂಚನ್ನು ಕಚ್ಚಿತು.
ಬಲಮುಷ್ಟಿ ಕದಲಿರಲಿಲ್ಲ.

“ಅಪರೂಪದ ಸಂದರ್ಭ,” ಎಂದರು ಕರ್ನಲ್,
ಪೆನ್ನಿನ ಮುಚ್ಚಳ ಹಾಕುತ್ತ.
“ಪಿಸ್ತೂಲು ತೆಗೆಯುವ ಸಂದರ್ಭವೇ ಅಪರೂಪದ್ದು, ಸರ್.”
ಮುಚ್ಚಳ ಅರ್ಧಕ್ಕೇ ನಿಂತಿತು.

ಐದು ಬೆರಳೂ ಒಂದೇ ಸಮ ಇಲ್ಲ ಎಂಬುದು
ಎಷ್ಟು ಹಳೆಯ ಮಾತು.
ಆದರೂ ಸೈನ್ಯಕ್ಕೆ ಒಂದೇ ಹಿಡಿಕೆ.
ಯಾವುದೆಂದು ಏಪ್ರಿಲ್‌ನಲ್ಲಿ ತಿಳಿಯುತ್ತದಂತೆ.

ಸಂಜೆ ನಾಲ್ಕನೆಯದನ್ನು ಬಿಚ್ಚಿ ಸುಣ್ಣ ತೊಳೆದೆ.
ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು
ಒಂದೇ ಕೈಯಲ್ಲಿ ಜೋಡಿಸಲು ಹೋದೆ;
ಸ್ಪ್ರಿಂಗು ಸಿಡಿದು ಬೆಂಚಿನಡಿ ಸೇರಿತು.
ನಗು ಬಂತು, ಹುಡುಕಲಿಲ್ಲ.

ಹೊರಗೆ ಚೀಲ ಹಾಗೇ ಮಲಗಿತ್ತು,
ಹೊಟ್ಟೆಯ ಕೆಳಗೆ ಪುಟ್ಟ ಮುಷ್ಟಿಯ ಕುಳಿ.
ಎತ್ತಿ ಒಯ್ಯಲು ಬಂದ ಹುಡುಗ
ಕಾಲಿನಿಂದ ಒದ್ದು ಉರುಳಿಸಹೋದ.
“ಮೆಲ್ಲಗೆ,” ಎಂದೆ.