ಕಿತ್ತದ್ದನ್ನು ಎಲ್ಲಿಟ್ಟಿದ್ದೀರಿ

ರಾತ್ರಿ ಎರಡೂಕಾಲಿಗೆ, ನಾನು ಮಲಗಿರುವಾಗ,
ಶೆಡ್ಡಿನಲ್ಲಿ ನಿಂತಿದ್ದ ಕಾರಿಗೆ ಯಾರೋ ಏನೋ ಹೇಳಿ ಹೋಗಿದ್ದಾರೆ.
ಬೆಳಿಗ್ಗೆ ಪರದೆಯ ಮೇಲೆ ಒಂದೇ ಸಾಲು:
'ಸುಧಾರಣೆ ಪೂರ್ಣಗೊಂಡಿದೆ. ಶುಭ ಪ್ರಯಾಣ.'

ಸೀಗೆಗುಡ್ಡದ ಏರಿನಲ್ಲಿ ಗೊತ್ತಾಯಿತು ಸುಧಾರಣೆ.
ಕಾಲು ಕೇಳಿದಷ್ಟು ಕಾರು ಕೊಡುತ್ತಿಲ್ಲ.
ನಿನ್ನೆ ತನಕ ಹಗ್ಗ ಬಿಚ್ಚಿದ ಕಡಸಿನ ಹಾಗೆ ನೆಗೆದದ್ದು
ಇವತ್ತು ಮುನಿಸಿಕೊಂಡ ಅಳಿಯ,
ಹತ್ತು ಸಲ ಕರೆದರೆ ಒಂದು ಹೆಜ್ಜೆ.
ಆಲೂಗೆಡ್ಡೆ ತುಂಬಿದ ಟೆಂಪೋ ಹಿಂದಿನಿಂದ ಹಾರನ್ನು ಹೊಡೆದು
ನನ್ನನ್ನು ದಾಟಿಯೂ ಹೋಯಿತು.
ಪಕ್ಕದಲ್ಲಿ ಕೂತ ಇವಳು ಕಿಟಕಿ ಕಡೆ ತಿರುಗಿ
'ಗ್ರಾಚ್ಯುಟಿ ದುಡ್ಡು' ಅಂದಳು. ಅಷ್ಟೇ ಅಂದಳು.

ತಣ್ಣೀರುಹಳ್ಳದ ಚಾರ್ಜಿಂಗ್ ಕಂಬದ ಹತ್ತಿರ ಐದು ಜನ ಸೇರಿದೆವು:
ಹಲ್ಲಿನ ಡಾಕ್ಟರು ಸುನಂದಾ ಪದ್ಮರಾಜಯ್ಯ,
ಬಿತ್ತನೆ ಗೆಡ್ಡೆಯ ಮುಕ್ರಂ ಸಾಬರು,
ಆಲೂರಿನ ಡ್ರಿಲ್ ಮೇಷ್ಟ್ರು ಬೆನೆಡಿಕ್ಟ,
ಕಾರು ಯಾರದೆಂದು ಕೊನೆವರೆಗೂ ಹೇಳದ ಒಬ್ಬ ಹುಡುಗ,
ಮತ್ತೆ ನಾನು, ಹಾಲಪ್ಪ, ನಿವೃತ್ತ ಲೈನ್‌ಮನ್.
ಎಲ್ಲರ ಕಾರಿಗೂ ಒಂದೇ ರಾತ್ರಿ ಒಂದೇ ಜ್ವರ.

ಕಂಪನಿಯ ಪತ್ರ ಬಂತು, ಕನ್ನಡದಲ್ಲೇ,
ಆದರೆ ನಮ್ಮ ಯಾರ ಕನ್ನಡವೂ ಅಲ್ಲ:
ಬ್ಯಾಟರಿಯ ದೀರ್ಘಾಯುಷ್ಯದ ಹಿತದೃಷ್ಟಿಯಿಂದ
ವೇಗವರ್ಧನೆಯನ್ನು ಮಿತಗೊಳಿಸಲಾಗಿದೆ.
ಪುಟ ತಿರುವಿದರೆ,
ತಿಂಗಳಿಗೆ ಒಂಬೈನೂರ ತೊಂಬತ್ತೊಂಬತ್ತು ಕಟ್ಟಿದವರಿಗೆ
ಪೂರ್ಣಶಕ್ತಿ ಲಭ್ಯ.
'ದುಡ್ಡು ಕಟ್ಟಿದರೆ ಬ್ಯಾಟರಿಗೆ ಆಯುಷ್ಯ ಬೇಡವಾ?'
ಕೇಳಿದ್ದು ಡಾಕ್ಟರಮ್ಮ. ಹಲ್ಲು ಕೀಳುವವರ ಪ್ರಶ್ನೆ, ಬೇರು ಸಮೇತ.

ಗ್ರಾಹಕರ ಕೋರ್ಟಿನ ವರಾಂಡದಲ್ಲಿ
ಕಂಪನಿ ಕಡೆಯ ಹುಡುಗ, ಪ್ರೀತಮ್ ಅಂತ,
ಕೊರಳಲ್ಲಿ ಪಟ್ಟಿ, ಬಗಲಲ್ಲಿ ಲ್ಯಾಪ್‌ಟಾಪು.
'ನನ್ನ ಕೈಲಿ ಏನೂ ಇಲ್ಲ ಸಾರ್, ಎಲ್ಲಾ ಮೇಲಿಂದ ಬರೋದು' ಅಂದ.

ಆ ಮಾತಿಗೆ ನನ್ನ ಬಾಯಿ ಕಟ್ಟಿಹೋಯಿತು.
ಅದು ನನ್ನದೇ ಮಾತು.
ಮೂವತ್ತೊಂದು ವರ್ಷ ಹೇಳಿ ಹೇಳಿ ಸವೆಸಿದ್ದು.

ಅರಕಲಗೂಡು ಸೆಕ್ಷನ್ನು, ತೊಂಬತ್ತಾರನೇ ಇಸವಿ, ಮಾರ್ಚ್ ಕೊನೆ.
ಏಣಿ, ಕಟಿಂಗ್ ಪ್ಲೇಯರು, ಬಾಕಿದಾರರ ಪಟ್ಟಿ.
ಹೊಲಿಗೆ ಮಿಷನ್ನಿನ ಚೆಲುವಮ್ಮ
ಬೇಳೆ ಡಬ್ಬದಿಂದ ರಸೀದಿ ತೆಗೆದು ಹಿಡಿದಿದ್ದಳು:
'ಕಟ್ಟಿದ್ದೀನಪ್ಪಾ, ನೋಡು, ಓದು.'
ನಾನು ಓದಲಿಲ್ಲ.
ನಾಲ್ಕು ಗಂಟೆಯೊಳಗೆ ಇನ್ನೂ ಹನ್ನೊಂದು ಮನೆ ಇತ್ತು.
ಕಿತ್ತೆ.

ಆದರೆ ಒಂದು: ಕಿತ್ತದ್ದು ಕೈಯಲ್ಲಿರುತ್ತಿತ್ತು.
ಬಿಳೀ ಪಿಂಗಾಣಿ ಫ್ಯೂಸು, ಇನ್ನೂ ಬೆಚ್ಚಗೆ.
ಸೀಮೆಸುಣ್ಣದಲ್ಲಿ ಆರ್.ಆರ್. ನಂಬರು ಬರೆದು
ಗೋಣಿಚೀಲಕ್ಕೆ ಹಾಕಿದರೆ ಲಟಲಟ ಅನ್ನೋದು
ಸೈಕಲ್ಲಿನ ಹಿಂದೆ, ಆಫೀಸಿನವರೆಗೂ.
ಮೂರನೇ ದಿನ ಚೆಲುವಮ್ಮ ಬಂದು, ಬೈದು,
ಚೀಲಕ್ಕೆ ಕೈಹಾಕಿ ತನ್ನದನ್ನು ತಾನೇ ಹುಡುಕಿ
ಸೆರಗಲ್ಲಿ ಒರೆಸಿಕೊಂಡು ಹೋದಳು.

ಹುಡುಗನನ್ನು ಕೇಳಿದೆ:
'ಮಗಾ, ನೀವು ಕಿತ್ತದ್ದನ್ನು ಎಲ್ಲಿಟ್ಟಿದ್ದೀರಿ? ಯಾವ ಚೀಲ?'
ಅವನು ಲ್ಯಾಪ್‌ಟಾಪು ನೋಡಿದ,
ಅದರೊಳಗೆ ಇದ್ದರೂ ಇರಬಹುದು ಅನ್ನುವ ಹಾಗೆ.
'ಎಲ್ಲೂ ಹೋಗಿಲ್ಲ ಸಾರ್. ನಿಮ್ಮ ಕಾರಲ್ಲೇ ಇದೆ.
ಕೊಡ್ತಾ ಇಲ್ಲ, ಅಷ್ಟೇ.'

ನನ್ನ ಶೆಡ್ಡಿನಲ್ಲೇ, ನನ್ನ ಬೀಗದೊಳಗೇ,
ನಾನು ದುಡ್ಡು ಕೊಟ್ಟ ಕುದುರೆ
ನನಗೆ ಕಾಣದ ಹಾಗೆ ಮೇಯುತ್ತಿದೆ.

ಮುಕ್ರಂ ಸಾಬರು ಜೋರಾಗಿ ನಕ್ಕುಬಿಟ್ಟರು.
ಜವಾನ ಬಂದು ಶ್ಶ್ ಅಂದ.
ನಾನು ಕಾರಿನ ರಸೀದಿ ಹುಡುಗನ ಮುಂದೆ ಹಿಡಿದು, ಓದು ಅಂದೆ.
ಓದಿದ. ಜಿಎಸ್‌ಟಿ ಸಮೇತ, ಕೆಳಗಿನ ಸಣ್ಣಕ್ಷರ ಸಮೇತ,
ಒಂದನೇ ಕ್ಲಾಸಿನವನ ಹಾಗೆ ತುಟಿ ಆಡಿಸುತ್ತಾ.
ಮಡಿಸಿ ವಾಪಸ್ಸು ಕೊಟ್ಟ. ಏನೂ ಹೇಳಲಿಲ್ಲ.
ನನಗಿಂತ ಒಳ್ಳೆಯವನು.

ಮುಂದಿನ ತಾರೀಖು ಹತ್ತೊಂಬತ್ತಕ್ಕೆ.
ಅಷ್ಟರೊಳಗೆ ಒಂದು ಸಲ ಅರಕಲಗೂಡಿಗೆ ಹೋಗಿಬರಬೇಕು.
ಆ ರಸ್ತೆಯಲ್ಲಿ ಏರು ಜಾಸ್ತಿ ಇಲ್ಲ,
ಈಗಿರುವ ಶಕ್ತಿ ಸಾಕು.